ಸರ್ವರಿನ ಬಾಡಿಗೆ, ಕಣ್ಣಿನ ಕೂಲಿ

ರಾತ್ರಿ ಒಂದೂಮುಕ್ಕಾಲಿಗೆ ಫೋನು ಗುರ್ ಅಂತು. ನಾವು ಗೆಳೆಯರು ನಡೆಸುವ ಸೋಷಿಯಲ್ ಮೀಡಿಯಾ ಸರ್ವರಿಗೆ ಹೊಸ ರಿಪೋರ್ಟ್ ಬಂದಿತ್ತು. ದೂರು ಕೊಟ್ಟವರು ಬರೆದಿದ್ದು ಎರಡೇ ಪದ: "ಇದು ನೋಡಿ". ಕೆಳಗೆ ಮಸುಕು ಮಾಡಿಟ್ಟ ಚಿತ್ರ. ಕಂದು, ಹಸಿರು, ಮಧ್ಯದಲ್ಲೊಂದು ಕಪ್ಪು ಕಲೆ, ಯಾರೋ ಒದ್ದೆ ಬಟ್ಟೆಯಲ್ಲಿ ರಂಗೋಲಿ ಒರೆಸಿದ ಹಾಗೆ. ಅದರ ಮೇಲೆ 'ತೋರಿಸು' ಅನ್ನುವ ಗುಂಡಿ.

ಆ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಒತ್ತಲೋ ಬೇಡವೋ ಅಂತ ಕೂತ ಹತ್ತು ಸೆಕೆಂಡಿಗೆ ಯಾರೂ ಬಿಲ್ ಬರೆಯುವುದಿಲ್ಲ. ಹೆಂಡತಿ ನಿದ್ದೆಗಣ್ಣಲ್ಲೇ "ಬೆಳಕು ಆರಿಸು" ಅಂದಳು. ಫೋನು ಹಿಡಿದು ಅಡುಗೆಮನೆಗೆ ಹೋದೆ. ಇಂಥವನ್ನು ಮಲಗುವ ಕೋಣೆಯಲ್ಲಿ ನೋಡಬಾರದು ಅನ್ನುವುದು ಮೊದಲ ವರ್ಷವೇ ಕಲಿತದ್ದು. ಒತ್ತಿದೆ. ಹೊಲದ ಬದುವಿನ ಮೇಲೆ ಸತ್ತು ಬಿದ್ದ ಎಮ್ಮೆ. ಸಿಡಿಲು ಬಡಿದಿತ್ತಂತೆ. ಪರಿಹಾರ ಇನ್ನೂ ಬಂದಿಲ್ಲ ಅಂತ ಹಾಕಿದವನು ಸಂಕಟ ತೋಡಿಕೊಂಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದ ಕನ್ನಡಿಗರೊಬ್ಬರಿಗೆ ಅದು ಕಣ್ಣಿಗೆ ಬಿದ್ದು ಹೊಟ್ಟೆ ತೊಳೆಸಿತ್ತು. ಚಿತ್ರಕ್ಕೆ ಎಚ್ಚರಿಕೆಯ ಪರದೆ ಎಳೆದು, ಇಬ್ಬರಿಗೂ ಒಂದೊಂದು ಸಾಲು ಬರೆದು ಮಲಗುವಾಗ ಎರಡೂಕಾಲು.

ಎಮ್ಮೆ ಅಂತ ಗೊತ್ತಾದದ್ದು ಒತ್ತಿದ ಮೇಲೆ. ಒತ್ತುವ ಮುಂಚೆ ಅದು ಏನು ಬೇಕಾದರೂ ಆಗಿರಬಹುದಿತ್ತು.

ನಾವು ಮೂವರು ಗೆಳೆಯರು ಸೇರಿ, ಟ್ವಿಟರ್ ಥರದ್ದೇ ಆದ ಮಾಸ್ಟೊಡಾನ್ ಅನ್ನುವ ಜಾಲದಲ್ಲಿ ಒಂದು ಪುಟ್ಟ ಸರ್ವರ್ ನಡೆಸುತ್ತೇವೆ. 2022ರ ನವೆಂಬರ್‌ನಲ್ಲಿ ಶುರು ಮಾಡಿದ್ದು. ಈಗ 340 ಖಾತೆ ಇದೆ, ದಿನವೂ ಬಂದು ಹೋಗುವವರು ನೂರು ಚಿಲ್ಲರೆ. ಪ್ರತಿ ತಿಂಗಳು ಒಂದನೇ ತಾರೀಕು ಲೆಕ್ಕ ಹಾಕುತ್ತೇವೆ, ಎಲ್ಲರಿಗೂ ಕಾಣುವ ಹಾಗೆ. ಸರ್ವರ್ ಬಾಡಿಗೆ ಇಷ್ಟು, ಚಿತ್ರಗಳನ್ನು ಇಡುವ ಜಾಗಕ್ಕೆ ಇಷ್ಟು, ಬ್ಯಾಕಪ್‌ಗೆ ಇಷ್ಟು, ಒಟ್ಟು 2,900 ರೂಪಾಯಿ. ಕೊಟ್ಟವರು ಇಷ್ಟು ಜನ. ಉಳಿದದ್ದು ಇಷ್ಟು. ಮೂರು ವರ್ಷ ಹೀಗೆ ಲೆಕ್ಕ ಹಾಕಿದ ಮೇಲೆ ಒಂದು ದಿನ ನನಗೇ ಹೊಳೆಯಿತು: ಆ ರಾತ್ರಿಯ ಎಮ್ಮೆ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಕಾವಲಿನ ಖರ್ಚು ಅಂತ ನಮ್ಮ ಪುಸ್ತಕದಲ್ಲಿ ಒಂದು ಕಾಲಮ್ಮೇ ಇರಲಿಲ್ಲ. ನಮ್ಮದೊಂದೇ ಕಥೆಯಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇಡೀ ಫೆಡಿವರ್ಸ್‌ನ ಲೆಕ್ಕದ ಪುಸ್ತಕ ಹೀಗೇ ಇದೆ.

ಫೆಡಿವರ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಇಮೇಲ್ ಇದೆಯಲ್ಲ, ನಿಮ್ಮದು ಒಂದು ಕಂಪನಿ, ನನ್ನದು ಇನ್ನೊಂದು, ಆದರೂ ಪತ್ರ ಹೋಗುತ್ತದೆ, ಬರುತ್ತದೆ. ಸೋಷಿಯಲ್ ಮೀಡಿಯಾವೂ ಹಾಗೇ ಯಾಕಿರಬಾರದು ಅಂತ ಹೊರಟವರು ಕಟ್ಟಿದ್ದು ಇದು. ಸಾವಿರಾರು ಸರ್ವರ್, ಒಂದೊಂದಕ್ಕೂ ಒಬ್ಬ ಯಜಮಾನ, ಅವನದೇ ನಿಯಮ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣುತ್ತದೆ. ಹಾಗೆ ಮಾತಾಡಿಕೊಳ್ಳುವ ಭಾಷೆಯ ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ವೆಬ್ಬಿನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಮಾಸ್ಟೊಡಾನ್ ಅದಕ್ಕೂ ಮೊದಲೇ, 2016ರಲ್ಲಿ, ಜರ್ಮನಿಯ ಯುವಕ ಯೂಜೆನ್ ರೋಚ್ಕೊ ಬರೆದ ತಂತ್ರಾಂಶ. ಇಲ್ಲಿ ಹೆಡ್ಡಾಫೀಸು ಇಲ್ಲ. ನಮಗೆಲ್ಲ ಹಿಡಿಸಿದ್ದೇ ಅದು. ಹೆಡ್ಡಾಫೀಸು ಇಲ್ಲ ಅಂದರೆ ಹೆಡ್ಡಾಫೀಸಿನ ಸೆಕ್ಯುರಿಟಿಯೂ ಇಲ್ಲ ಅನ್ನುವುದು ಹೊಳೆಯುವುದು ಆಮೇಲೆ.

ಭಾರತದವರು ಮೊದಲು ಗುಂಪಾಗಿ ಬಂದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಕಂಪನಿ ಅಮಾನತು ಮಾಡಿತು. ನಾಜಿ ಸೆಲ್ಯೂಟ್ ಹೊಡೆಯುತ್ತಿರುವ ಜನಸಂದಣಿಯ ನಡುವೆ ಒಬ್ಬನೇ ಕೈಕಟ್ಟಿ ನಿಂತವನ ಪ್ರಸಿದ್ಧ ಫೋಟೋ ಅವರ ಪುಟದಲ್ಲಿತ್ತು. ದ್ವೇಷದ ವಿರುದ್ಧದ ಚಿತ್ರ ಯಾರದೋ ಕಣ್ಣಿಗೆ, ಅಥವಾ ಯಂತ್ರದ ಕಣ್ಣಿಗೆ, ದ್ವೇಷದ ಚಿತ್ರವಾಗಿ ಕಂಡಿತು. ಸಿಟ್ಟಾದವರೆಲ್ಲ ಮಾಸ್ಟೊಡಾನ್‌ಗೆ ನಡೆದರು. ನಾನೂ ನಡೆದೆ. ಎರಡು ವಾರದಲ್ಲಿ ಹೆಚ್ಚಿನವರು ವಾಪಸ್ಸಾದರು, ನಾನು ಉಳಿದೆ. ಜನ ಹಾಕಿದ್ದರಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ನೋಡುವ ಕೆಲಸಕ್ಕೆ ಮಾಡರೇಶನ್ ಅನ್ನುತ್ತಾರೆ. ಕೆಟ್ಟ ಮಾಡರೇಶನ್ ಮೇಲಿನ ಸಿಟ್ಟಿಗೆ ಬಂದವರಲ್ಲಿ ಒಬ್ಬರೂ, ನನ್ನನ್ನೂ ಸೇರಿಸಿ, ಇಲ್ಲಿ ಈ ಕೆಲಸ ಯಾರು ಮಾಡುತ್ತಾರೆ, ಅವರಿಗೆ ಯಾರು ಕೊಡುತ್ತಾರೆ ಅಂತ ಕೇಳಿದ ನೆನಪಿಲ್ಲ.

ಆಮೇಲೆ ಬಂತು 2022ರ ಅಕ್ಟೋಬರ್ 27. ಇಲಾನ್ ಮಸ್ಕ್ ಟ್ವಿಟರ್ ಕೊಂಡರು. ಮೂರು ಲಕ್ಷದಷ್ಟಿದ್ದ ಮಾಸ್ಟೊಡಾನ್‌ನ ತಿಂಗಳ ಸಕ್ರಿಯ ಬಳಕೆದಾರರು ಎರಡೇ ತಿಂಗಳಲ್ಲಿ 25 ಲಕ್ಷವಾದರು. ನಮ್ಮ ಸರ್ವರ್ ಹುಟ್ಟಿದ್ದೂ ಆ ಜಾತ್ರೆಯಲ್ಲೇ. ಸರ್ವರ್ ಕಟ್ಟಲು ಬೇಕಾದದ್ದು ಒಂದು ಶನಿವಾರ ಮತ್ತು ಎರಡು ಫ್ಲಾಸ್ಕ್ ಕಾಫಿ. ಮನೆ ಕಟ್ಟುವುದು ಇಷ್ಟು ಸುಲಭ ಅಂತ ಬೀಗಿದೆವು. ಮನೆ ನಡೆಸುವವರ ಕಷ್ಟ ಬೇರೆ. 2023ರ ಫೆಬ್ರವರಿಯಲ್ಲಿ ಮಾಸ್ಟೊಡಾನ್ ಡಾಟ್ ಎಲ್‌ಒಎಲ್ ಅನ್ನುವ, ಸಾವಿರಾರು ಜನರಿದ್ದ ಸರ್ವರನ್ನು ಅದರ ಯಜಮಾನ ಮುಚ್ಚುತ್ತೇನೆ ಅಂದರು. ಒಂದು ವಿಡಿಯೊ ಗೇಮ್ ಬಗ್ಗೆ ಎದ್ದ ಜಗಳದಲ್ಲಿ ಅವರ ಮೇಲೆ ಬಿದ್ದ ದ್ವೇಷ ಸಾಕಾಗಿಹೋಗಿತ್ತು. ಅಲ್ಲಿ ಡಿಸ್ಕು ತುಂಬಿರಲಿಲ್ಲ, ಬಾಡಿಗೆ ಬಾಕಿ ಇರಲಿಲ್ಲ. ಮನುಷ್ಯ ದಣಿದಿದ್ದ, ಅಷ್ಟೇ.

ಇಲ್ಲೊಂದು ತಾಂತ್ರಿಕ ವಿಷಯ ಬಿಡಿಸಿ ಹೇಳಬೇಕು, ಇದು ಗೊತ್ತಾಗದೆ ಉಳಿದದ್ದು ಅರ್ಥವಾಗುವುದಿಲ್ಲ. ನಮ್ಮ ಸರ್ವರಿನಲ್ಲಿರುವ ಒಬ್ಬರು ಬ್ರೆಜಿಲ್‌ನಲ್ಲಿರುವ ಇನ್ನೊಬ್ಬರನ್ನು ಫಾಲೋ ಮಾಡಿದರು ಅನ್ನಿ. ಆ ಬ್ರೆಜಿಲ್‌ನವರು ಹಾಕುವ ಪ್ರತಿ ಚಿತ್ರದ ಒಂದು ಪ್ರತಿ ನಮ್ಮ ಡಿಸ್ಕಿಗೂ ಬಂದು ಕೂರುತ್ತದೆ. ಅವರು ಇನ್ನಾರದೋ ಪೋಸ್ಟ್ ಹಂಚಿಕೊಂಡರೆ ಅದರ ಚಿತ್ರವೂ ಬರುತ್ತದೆ. ನಾನು ನೋಡಿರುವುದಿಲ್ಲ, ನಮ್ಮ ಸದಸ್ಯರೂ ನೋಡಿರಲಿಕ್ಕಿಲ್ಲ. ನಮ್ಮ ಗೋದಾಮಿನಲ್ಲಿ ಮಾತ್ರ ಅದು ಇರುತ್ತದೆ. ಗೋದಾಮಿನ ಬೀಗದ ಕೈ ಯಾರ ಜೇಬಲ್ಲಿದೆಯೋ ಪೊಲೀಸರು ಕೇಳುವುದು ಅವನನ್ನೇ.

2023ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ಇಂಟರ್ನೆಟ್ ಅಬ್ಸರ್ವೇಟರಿಯ ಡೇವಿಡ್ ಥೀಲ್ ಮತ್ತು ರೆನೇ ಡಿರೆಸ್ಟಾ ಒಂದು ವರದಿ ತಂದರು. ಮಾಸ್ಟೊಡಾನ್‌ನ ದೊಡ್ಡ 25 ಸರ್ವರುಗಳನ್ನು ಎರಡು ದಿನ ಗಮನಿಸಿದ್ದರು. 3 ಲಕ್ಷ 25 ಸಾವಿರ ಪೋಸ್ಟುಗಳಲ್ಲಿ, ಮಕ್ಕಳ ಲೈಂಗಿಕ ಶೋಷಣೆಯದ್ದೆಂದು ಆಗಲೇ ಪಟ್ಟಿಯಲ್ಲಿದ್ದ ಚಿತ್ರಗಳಿಗೆ ತಾಳೆಯಾದವು 112. ಮೊದಲನೆಯದು ಸಿಕ್ಕಿದ್ದು ಐದೇ ನಿಮಿಷದಲ್ಲಿ. ಆ ಸಾಲು ಓದಿದ ರಾತ್ರಿ ನಾನು ನಮ್ಮ ಡಿಸ್ಕಿನ ಫೋಲ್ಡರ್ ತೆರೆದು ಕೂತೆ. ಲಕ್ಷಗಟ್ಟಲೆ ಫೈಲು, ಹೆಸರೆಲ್ಲ ಅಕ್ಷರ-ಅಂಕಿಗಳ ಸಾಲು. ಒಂದನ್ನೂ ತೆರೆಯುವ ಧೈರ್ಯ ಬರಲಿಲ್ಲ. ತೆರೆಯದೆ ಇರುವ ಧೈರ್ಯವೂ ಬರಲಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದನ್ನು ಯಾರೂ ಹೀಗೆ ಫೋಲ್ಡರ್ ತೆರೆದು ನೋಡುವುದಿಲ್ಲ. ಗೊತ್ತಿರುವ ಪ್ರತಿ ಚಿತ್ರಕ್ಕೂ ಒಂದು ಬೆರಳಚ್ಚು ಇರುತ್ತದೆ, ಹೊಸ ಚಿತ್ರ ಬಂದೊಡನೆ ಯಂತ್ರ ಅದರ ಬೆರಳಚ್ಚು ತೆಗೆದು ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಮೈಕ್ರೋಸಾಫ್ಟ್ 2009ರಲ್ಲಿ ತಂದ ಫೋಟೊಡಿಎನ್‌ಎ ಇಂಥದ್ದು. ಚಿತ್ರವನ್ನು ಸ್ವಲ್ಪ ಕತ್ತರಿಸಿದರೂ, ಗಾತ್ರ ಬದಲಿಸಿದರೂ ಗುರುತು ಹಿಡಿಯುತ್ತದೆ. ಆ ಪಟ್ಟಿ ಯಾರಿಗೆಂದರೆ ಅವರಿಗೆ ಕೊಡುವಂಥದ್ದಲ್ಲ, ಕೊಡಲೂಬಾರದು. ಹಾಗಾಗಿ ವಕೀಲರು, ಒಪ್ಪಂದ, ನೋಂದಾಯಿತ ಸಂಸ್ಥೆ ಎಲ್ಲ ಇರುವವರ ಕೈಗೆ ಅದು ಸಲೀಸಾಗಿ ಸಿಗುತ್ತದೆ. ಶನಿವಾರ ಕಾಫಿ ಕುಡಿಯುತ್ತಾ ಸರ್ವರ್ ಕಟ್ಟಿದ ಮೂವರಿಗೆ ಹೇಗೆ ಸಿಕ್ಕೀತು?

ನಮ್ಮ ಕಾನೂನೂ ಹಗುರವಿಲ್ಲ. ಮಕ್ಕಳ ಇಂಥ ಚಿತ್ರಗಳ ವಿರುದ್ಧ ಐಟಿ ಕಾಯ್ದೆಯ 67ಬಿ ಕಲಂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದೂ ಪೋಕ್ಸೊ ಅಡಿ ಅಪರಾಧವಾಗುತ್ತದೆ ಅಂತ ಸ್ಪಷ್ಟಪಡಿಸಿತು. ಬಹಳ ಸರಿಯಾದ ತೀರ್ಪು. ಅದನ್ನು ಓದುವಾಗ ನನ್ನ ಕೈ ತಣ್ಣಗಾಗಿದ್ದೂ ನಿಜ. 2021ರ ಐಟಿ ನಿಯಮಗಳಲ್ಲಿ 50 ಲಕ್ಷ ಬಳಕೆದಾರರ ಮೇಲಿರುವವರಿಗೆ ಹೆಚ್ಚಿನ ಜವಾಬ್ದಾರಿ, ಆದರೆ ದೂರು ಸ್ವೀಕರಿಸುವ ಅಧಿಕಾರಿ ಎಲ್ಲರಿಗೂ ಬೇಕು. 24 ಗಂಟೆಯಲ್ಲಿ ದೂರು ಬಂತು ಅಂತ ಉತ್ತರಿಸಬೇಕು. ನಿಯಮ ಬಂದಾಗ 15 ದಿನದಲ್ಲಿ ಮುಗಿಸಬೇಕಿತ್ತು, ಯಾರದ್ದಾದರೂ ಖಾಸಗಿ ನಗ್ನ ಚಿತ್ರದ ದೂರಾದರೆ 24 ಗಂಟೆಯಲ್ಲಿ ತೆಗೆಯಬೇಕಿತ್ತು; 2026ರ ಫೆಬ್ರವರಿಯಲ್ಲಿ ಆ ಗಡುವುಗಳು ಇನ್ನೂ ಬಿಗಿಯಾದವು. ನಮ್ಮ ಸರ್ವರಿನ ದೂರು ಅಧಿಕಾರಿ ನಾನೇ. ಎಮ್ಮೆಯ ರಾತ್ರಿ ಅಡುಗೆಮನೆಯಲ್ಲಿ ಚಡ್ಡಿಯಲ್ಲಿ ನಿಂತಿದ್ದ ಅಧಿಕಾರಿ.

ಇಂಥ ಸಣ್ಣವರ ಬೆನ್ನಿಗೆ ನಿಲ್ಲಲೆಂದೇ ಒಂದು ಸಂಸ್ಥೆ ಹುಟ್ಟಿತ್ತು. ಇಫ್ಟಾಸ್ ಅಂತ. 2023ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ, ಜಾಜ್-ಮೈಕಲ್ ಕಿಂಗ್ ಅದರ ಮುಂದಾಳು. ಮಾಡರೇಟರುಗಳಿಗೆ ಏನು ಬೇಕು ಅಂತ ಅವರನ್ನೇ ಕೇಳಿ, ಒಂದೊಂದಾಗಿ ಕಟ್ಟಿಕೊಡಲು ಹೊರಟರು: ಮಾಡರೇಟರುಗಳು ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುವ ಜಾಗ, ಕೆಟ್ಟ ಸರ್ವರುಗಳ ಹಂಚಿಕೆಯ ಪಟ್ಟಿ, ಕಾನೂನಿನ ಬಗ್ಗೆ ಸರಳ ಮಾಹಿತಿ. ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರಗಳ ಬೆರಳಚ್ಚು ತಾಳೆ ನೋಡಿಕೊಡುವ ಸೇವೆ. ಸಣ್ಣ ಸರ್ವರ್ ತನ್ನಲ್ಲಿಗೆ ಬಂದ ಚಿತ್ರಗಳನ್ನು ಅವರ ಯಂತ್ರದ ಮುಂದೆ ಹಾಯಿಸಿದರೆ, ತಾಳೆಯಾದದ್ದನ್ನು ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಅಮೆರಿಕದಲ್ಲಿರುವ ರಾಷ್ಟ್ರೀಯ ಕೇಂದ್ರಕ್ಕೆ ವರದಿ ಮಾಡುವ ಭಾರವನ್ನೂ ಅವರೇ ಹೊರುತ್ತಿದ್ದರು. ಅಡ್ಮಿನ್ ಆ ಚಿತ್ರವನ್ನು ಕಣ್ಣಿಂದ ನೋಡಬೇಕಾಗಿಯೇ ಇರಲಿಲ್ಲ. ನೋಡಬೇಕಾಗಿಲ್ಲ ಅನ್ನುವುದು ಎಷ್ಟು ದೊಡ್ಡ ಉಪಕಾರ ಅಂತ ನೋಡಿದವರಿಗೇ ಗೊತ್ತು.

2025ರ ಆರಂಭದಲ್ಲಿ ಇಫ್ಟಾಸ್‌ನ ದುಡ್ಡು ಮುಗಿಯಿತು. ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿದ್ದರು. ಹೆಚ್ಚಿನ ಸೇವೆಗಳನ್ನು ನಿಲ್ಲಿಸುತ್ತಿದ್ದೇವೆ ಅಂತ ಹೇಳಬೇಕಾಯಿತು, ಆ ತಾಳೆ ನೋಡುವ ಸೇವೆಯೂ ನಿಂತಿತು. ನಾವು ಅದಕ್ಕೆ ಸೇರಿಕೊಳ್ಳಬೇಕು ಅಂತ ಮಾತಾಡುತ್ತಾ ಮಾತಾಡುತ್ತಾ ಆರು ತಿಂಗಳು ಕಳೆದಿದ್ದೆವು. ಅವರು ದೇಣಿಗೆ ಕೇಳಿದಾಗ ನಾನು ಕೊಟ್ಟದ್ದೆಷ್ಟು ಅಂತ ಆಮೇಲೆ ಹಳೆಯ ಮೇಲ್ ತೆಗೆದು ನೋಡಿದೆ. ಸೊನ್ನೆ. ಅದೇ ವರ್ಷ ನಾನು ಮಾಸ್ಟೊಡಾನ್‌ನ ಮೊಬೈಲ್ ಆಪ್ ಬರೆಯುವ ಒಬ್ಬರಿಗೆ ದುಡ್ಡು ಕಳಿಸಿದ್ದೆ, ಆಪ್‌ನ ಬಣ್ಣ ಚೆನ್ನಾಗಿದೆ ಅಂತ.

ಇದು ನನ್ನೊಬ್ಬನ ಜಾಯಮಾನವಲ್ಲ. ಈ ಲೋಕದಲ್ಲಿ ದುಡ್ಡು ಹರಿಯುವುದೇ ಹಾಗೆ. ಮುಕ್ತ ತಂತ್ರಾಂಶಕ್ಕೆ ಕೊಡುವ ಕೈಗಳಿವೆ, ಮೊದಲಿಗಿಂತ ಹೆಚ್ಚೇ ಇವೆ. ನೆದರ್‌ಲೆಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಐರೋಪ್ಯ ಒಕ್ಕೂಟದ ಹಣದಿಂದ ಫೆಡಿವರ್ಸ್‌ನ ಎಷ್ಟೋ ಯೋಜನೆಗಳಿಗೆ ನೆರವಾಗಿದೆ, ಅವರ ಋಣ ನಮ್ಮೆಲ್ಲರ ಮೇಲಿದೆ. ಅಂಥ ಅರ್ಜಿಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಕೊನೆಗೆ ಏನು ಕೊಡುತ್ತೀರಿ? ಕೋಡ್ ಬರೆಯುವವನು ಹೇಳಬಲ್ಲ, ಇಂಥ ತಿಂಗಳಿಗೆ ಇಂಥ ಫೀಚರ್. ಮಾಡರೇಟರ್ ಏನು ಬರೆಯಬೇಕು? ಮಾರ್ಚ್‌ನಲ್ಲಿ ಏನೂ ಆಗಲಿಲ್ಲ, ಏಪ್ರಿಲ್‌ನಲ್ಲೂ ಏನೂ ಆಗಲಿಲ್ಲ, ಮೇನಲ್ಲಿ ಒಬ್ಬಳು ಹುಡುಗಿ ಖಾತೆ ಮುಚ್ಚಿಕೊಂಡು ಹೋಗಬೇಕು ಅಂದುಕೊಂಡಿದ್ದವಳು ಹೋಗಲಿಲ್ಲ ಅಂತಲೇ?

2025ರ ಫೆಬ್ರವರಿಯಲ್ಲಿ, ಇಫ್ಟಾಸ್ ಕೈಚೆಲ್ಲುತ್ತಿದ್ದ ದಿನಗಳಲ್ಲೇ, ಪ್ಯಾರಿಸ್‌ನ ಎಐ ಶೃಂಗಸಭೆಯಲ್ಲಿ ರೂಸ್ಟ್ ಅನ್ನುವ ಹೊಸ ಸಂಸ್ಥೆಯ ಘೋಷಣೆಯಾಯಿತು. ಸುರಕ್ಷತೆಯ ಸಲಕರಣೆಗಳನ್ನು ಮುಕ್ತವಾಗಿ, ಉಚಿತವಾಗಿ ಕಟ್ಟಿಕೊಡುವುದು ಗುರಿ. ಗೂಗಲ್, ಓಪನ್‌ಎಐ, ಡಿಸ್ಕಾರ್ಡ್, ರೋಬ್ಲಾಕ್ಸ್ ಬೆನ್ನಿಗಿವೆ. ಕೂಡಿಬಂದ ಹಣ 2.7 ಕೋಟಿ ಡಾಲರ್. ಕೊಂಕು ನುಡಿಯಲು ಇದನ್ನು ಹೇಳುತ್ತಿಲ್ಲ, ಅವರ ಸಲಕರಣೆ ಒಂದು ದಿನ ನಮ್ಮ ಸರ್ವರಿಗೂ ಬಂದರೆ ನಾನೇ ಮೊದಲು ಹಾಕಿಕೊಳ್ಳುತ್ತೇನೆ. ಆದರೆ ಟಾರ್ಚ್ ಮಾಡುವ ಕಾರ್ಖಾನೆಗೆ ಸಿಗುವ ದುಡ್ಡು ಟಾರ್ಚ್ ಹಿಡಿದು ಸುತ್ತುವವನಿಗೆ ಯಾಕೆ ಸಿಗುವುದಿಲ್ಲ ಅನ್ನುವುದು ಹಾಗೇ ಉಳಿಯುತ್ತದೆ. 2024ರ ಫೆಬ್ರವರಿಯಲ್ಲಿ, ಯಾರೂ ನೋಡಿಕೊಳ್ಳದೆ ಬಾಗಿಲು ತೆರೆದಿಟ್ಟಿದ್ದ ಪುಟ್ಟ ಸರ್ವರುಗಳಲ್ಲಿ ಕಿಡಿಗೇಡಿಗಳು ರಾಶಿ ರಾಶಿ ಖಾತೆ ತೆರೆದು ಇಡೀ ಫೆಡಿವರ್ಸ್‌ಗೆ ಸ್ಪ್ಯಾಮ್ ಸುರಿದರು. ಆಮೇಲೆ ಮಾಸ್ಟೊಡಾನ್ ಒಂದು ಬದಲಾವಣೆ ತಂದಿತು: ಒಂದು ವಾರ ಯಾವ ಮಾಡರೇಟರೂ ತಲೆಹಾಕದಿದ್ದರೆ ಹೊಸ ಖಾತೆಗಳಿಗೆ ಒಪ್ಪಿಗೆ ಬೇಕು ಅನ್ನುವ ಸ್ಥಿತಿಗೆ ಸರ್ವರ್ ತಾನಾಗಿಯೇ ಹೊರಳುತ್ತದೆ. ಕಾವಲುಗಾರ ನಿದ್ದೆ ಹೋದರೆ ಗೇಟು ತಾನೇ ಹಾಕಿಕೊಳ್ಳುವ ವ್ಯವಸ್ಥೆ. ಒಳ್ಳೆಯದೇ. ಕಾವಲುಗಾರ ಯಾಕೆ ನಿದ್ದೆ ಹೋದ ಅಂತ ಯಂತ್ರ ಕೇಳಲಾರದು.

ಟ್ವಿಟರ್‌ಗೆ ಬದಲಿಯಾಗಿ ಬಂದ ಇನ್ನೊಂದು ಜಾಲ, ಬ್ಲೂಸ್ಕೈ, ಅವರ ಹತ್ತಿರ ದುಡ್ಡಿದೆಯಲ್ಲ ಅನ್ನುತ್ತೀರಿ. ಇದೆ. 2024ರ ಅಕ್ಟೋಬರ್‌ನಲ್ಲಿ ಹೂಡಿಕೆದಾರರಿಂದ ಒಂದೂವರೆ ಕೋಟಿ ಡಾಲರ್ ಬಂತು. 2023ರಲ್ಲಿ ಅವರಿಗೆ ಬಂದಿದ್ದ ದೂರು 3 ಲಕ್ಷ 58 ಸಾವಿರ, 2024ರಲ್ಲಿ 64 ಲಕ್ಷ 80 ಸಾವಿರ. ನವೆಂಬರ್‌ನ ಒಂದು ದಿನದಲ್ಲೇ 42 ಸಾವಿರ ದಾಟಿತ್ತು. ಮಾಡರೇಟರುಗಳನ್ನು ನೂರರ ಆಸುಪಾಸಿಗೆ ಏರಿಸಿದರು. ಹೂಡಿಕೆದಾರರ ದುಡ್ಡು ಇರುವ ತನಕ ಈ ಲೆಕ್ಕ ನಡೆಯುತ್ತದೆ. ಅವರ ಒಂದು ಆಲೋಚನೆ ಮಾತ್ರ ನನಗೆ ಇಷ್ಟ: ಪೋಸ್ಟುಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಲೇಬಲ್ ಸೇವೆಯನ್ನು ಯಾರು ಬೇಕಾದರೂ ತಮ್ಮದೇ ಆಗಿ ನಡೆಸಬಹುದು, ಬೇಕಾದವರು ಚಂದಾದಾರರಾಗಬಹುದು. ಅದಕ್ಕೆ ಬೇಕಾದ ಓಜೋನ್ ಅನ್ನುವ ಸಲಕರಣೆಯನ್ನು 2024ರ ಮಾರ್ಚ್‌ನಲ್ಲಿ ಮುಕ್ತವಾಗಿಸಿದರು. ಅದನ್ನು ನಿಜವಾಗಿ ದುಡಿಸಿಕೊಂಡದ್ದು ರೂಡಿ ಫ್ರೇಸರ್ ಕಟ್ಟಿದ ಬ್ಲ್ಯಾಕ್‌ಸ್ಕೈ. ಅಮೆರಿಕದ ಕಪ್ಪು ಸಮುದಾಯದ ಜನ ತಮ್ಮ ಮೇಲೆ ಬೀಳುವ ಬೈಗುಳವನ್ನು ತಾವೇ ಗುರುತಿಸಿ ತಡೆಯುತ್ತಾರೆ, ಅದರ ಖರ್ಚಿಗೆ ತಾವೇ ದೇಣಿಗೆ ಕೂಡಿಸುತ್ತಾರೆ. ಆ ಬೈಗುಳದ ಒಳಮರ್ಮ ಗೊತ್ತಿರುವವರು ಅವರೇ ತಾನೆ.

ಒಳಮರ್ಮ ಅಂದಾಗ ಕನ್ನಡದ ವಿಷಯ ಬರುತ್ತದೆ. ಒಮ್ಮೆ ಜರ್ಮನಿಯ ಒಂದು ಸರ್ವರಿನ ಅಡ್ಮಿನ್ ನನಗೆ ಮೆಸೇಜು ಮಾಡಿದರು. ನಿಮ್ಮ ಬಳಕೆದಾರರೊಬ್ಬರು ನಮ್ಮವರಿಗೆ 'ನಿಮ್ಮ ಮನೆ ನಾಶವಾಗಲಿ' ಅಂತ ಬೆದರಿಕೆ ಹಾಕಿದ್ದಾರೆ, ಅನುವಾದ ಹಾಕಿ ನೋಡಿದೆವು, ಏನು ಕ್ರಮ? ಹೋಗಿ ನೋಡಿದರೆ ಇಬ್ಬರೂ ಧಾರವಾಡದವರು, ಕಾಲೇಜು ಗೆಳೆಯರು, ಒಬ್ಬ ಜರ್ಮನಿಯಲ್ಲಿ ಓದುತ್ತಿದ್ದಾನೆ. ಅವನು ಹಾಕಿದ ಬಾಡಿದ ದೋಸೆಯ ಫೋಟೋ ಕೆಳಗೆ ಇವನು "ನಿನ್ನ ಮನಿ ಹಾಳಾಗ್ಲಿ, ಇದೇನು ದ್ವಾಸಿನೋ" ಅಂದಿದ್ದ. ಆ ಅಡ್ಮಿನ್‌ಗೆ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಇನ್ನೊಂದು ಸಲ ಉಲ್ಟಾ ಆಯಿತು. ಒಬ್ಬಾಕೆಯ ಪೋಸ್ಟಿನ ಕೆಳಗೆ ಒಬ್ಬ "ನಿಮ್ಮ ಕೇರಿಯಲ್ಲಿ ಇದೇ ರೂಢಿಯೇನೋ" ಅಂತ ಬರೆದಿದ್ದ. ಯಂತ್ರಕ್ಕೆ ಅದರಲ್ಲಿ ತಪ್ಪು ಕಾಣದು, ಜರ್ಮನಿಯವರಿಗೂ ಕಾಣದು. ಕನ್ನಡ ಬಲ್ಲವರಿಗೆ ಆ 'ಕೇರಿ' ಎಲ್ಲಿಗೆ ಹೋಗಿ ನಾಟುತ್ತದೆ ಅಂತ ಹೇಳಬೇಕಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬೈಯುವವರದ್ದು ಇನ್ನೊಂದು ರಗಳೆ. ಒಂದೇ ಬೈಗುಳಕ್ಕೆ ಹದಿನೈದು ಸ್ಪೆಲ್ಲಿಂಗು, ಯಾವ ಪದಪಟ್ಟಿಗೂ ಸಿಗುವುದಿಲ್ಲ. 2021ರಲ್ಲಿ ಸಂಶೋಧಕರು ತಮಿಳು, ಮಲಯಾಳಂ, ಕನ್ನಡಗಳಲ್ಲಿ ನಿಂದನೆಯನ್ನು ಗುರುತಿಸುವ ಸ್ಪರ್ಧೆಯೊಂದನ್ನು ನಡೆಸಿದ್ದರು. ಕನ್ನಡಕ್ಕೆ ಕೂಡಿಸಿದ್ದದ್ದು 7 ಸಾವಿರ ಚಿಲ್ಲರೆ ಯೂಟ್ಯೂಬ್ ಕಾಮೆಂಟುಗಳು. ಅಷ್ಟು ಮಾಡಿದ್ದಕ್ಕೆ ಅವರಿಗೆ ಕೈಮುಗಿಯಬೇಕು. ಆದರೆ ಒಂದು ಸಿನಿಮಾ ಟ್ರೇಲರ್ ಬಂದ ದಿನ ಅಭಿಮಾನಿ ಬಣಗಳು ಅಷ್ಟನ್ನು ಊಟಕ್ಕೆ ಮುಂಚೆ ಬರೆದು ಮುಗಿಸುತ್ತವೆ.

ಹಾಗಾದರೆ ಉಳಿಯುವುದು ಮನುಷ್ಯರ ಕಣ್ಣು. ಅದರ ಬೆಲೆ ನಮ್ಮ ಬೆಂಗಳೂರಿಗೆ ಚೆನ್ನಾಗಿ ಗೊತ್ತು, ದೊಡ್ಡ ಕಂಪನಿಗಳ ಕಸ ಗುಡಿಸುವ ಕೆಲಸ ಗುತ್ತಿಗೆಯಲ್ಲಿ ಬರುವ ಊರುಗಳಲ್ಲಿ ಇದೂ ಒಂದು. ಫೇಸ್‌ಬುಕ್ 2020ರಲ್ಲಿ ಅಮೆರಿಕದ ತನ್ನ ಮಾಡರೇಟರುಗಳ ಮಾನಸಿಕ ಆಘಾತದ ಮೊಕದ್ದಮೆಯಲ್ಲಿ 5.2 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಅದರ ವ್ಯಾಪ್ತಿಯಲ್ಲಿದ್ದರು. ನನ್ನ ಹಳೆಯ ರೂಮ್‌ಮೇಟ್ ಒಬ್ಬ ಹೊರವರ್ತುಲ ರಸ್ತೆಯ ಒಂದು ಆಫೀಸಿನಲ್ಲಿ ಈ ಕೆಲಸ ಎರಡು ವರ್ಷ ಮಾಡಿದ. ವಿಡಿಯೊಗಳನ್ನು ಕಪ್ಪು ಬಿಳುಪು ಮಾಡಿಕೊಂಡು, ಶಬ್ದ ಆರಿಸಿ ನೋಡುತ್ತಿದ್ದನಂತೆ, ರಕ್ತ ಬೂದು ಬಣ್ಣಕ್ಕೆ ತಿರುಗಿದರೆ ಸ್ವಲ್ಪ ತಡೆಯಬಹುದು ಅಂತ. ಕೆಲಸ ಬಿಟ್ಟು ಈಗ ಹಾಸನದಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಮ್ಮ ಸರ್ವರಿನ ಕಥೆ ಹೇಳಿದಾಗ ಅವನು ಕೇಳಿದ್ದು ಒಂದೇ: "ಸಂಬಳ ಕಮ್ಮಿ ಅನ್ನೋದು ಬಿಡು, ನಂದು ರಾತ್ರಿ ಹನ್ನೊಂದಕ್ಕೆ ಶಿಫ್ಟ್ ಮುಗೀತಿತ್ತು. ನಿಂದು ಯಾವಾಗ ಮುಗಿಯುತ್ತೆ?"

ನನ್ನ ಅಜ್ಜಿಯ ಊರು ಕೋಲಾರದ ಕಡೆ. ಕೆರೆ ಇರುವ ಊರು, ಹಾಗಾಗಿ ನೀರಗಂಟಿ ಇದ್ದ ಊರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ ಪರೀಕ್ಷಿಸುವುದು ಅವನ ಕೆಲಸ. ಅವನಿಗೆ ತಿಂಗಳ ಸಂಬಳವಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನ ಪಾಲಿನ ಆಯ ಅಳೆದು ಕೊಡಬೇಕು. ರಾಶಿ ಮನೆಗೆ ಹೋಗುವ ಮುಂಚೆ ಅಳೆಯುವುದು, ಉಳಿದರೆ ಕೊಡುವುದಲ್ಲ. ನಾನು ಈ ನೆನಪನ್ನು ಮೊದಲು ಬಹಳ ಹಿಗ್ಗಿನಿಂದ ಗೆಳೆಯರಿಗೆ ಹೇಳಿದೆ, ನೋಡ್ರಪ್ಪಾ ನಮ್ಮ ಹಿರಿಯರಿಗೆ ಉತ್ತರ ಗೊತ್ತಿತ್ತು ಅಂತ. ನಮ್ಮಲ್ಲೊಬ್ಬಳು ಸುಮ್ಮನೆ ಕೇಳಿಸಿಕೊಂಡು ಅಂದಳು, "ಅಳತೆಯ ಸೇರು ಯಾರ ಕೈಲಿತ್ತು?"

ಸೇರು ರೈತನ ಕೈಲಿತ್ತು. ಆ ಕಡೆಯ ಬಹುತೇಕ ಊರುಗಳಲ್ಲಿ ನೀರಗಂಟಿಕೆ ದಲಿತ ಕುಟುಂಬಗಳದ್ದು. ಹುಟ್ಟಿನಿಂದ ಬಂದ ಕೆಲಸ, ಬೇಡ ಅನ್ನುವ ಹಾಗಿಲ್ಲ. ಊರಿನ ನೀರು ಹಂಚುವವನ ಅಂಗಳಕ್ಕೆ ಊರ ಬಾವಿಯ ನೀರಿಲ್ಲ. ನನ್ನ ಹಿಗ್ಗು ಅಲ್ಲಿಗೆ ಇಳಿಯಿತು. ಆಯದ ಅಳತೆಯನ್ನು ಮಾತ್ರ ನಾನು ಬಿಡಲಿಲ್ಲ: ಉಳಿತಾಯದಲ್ಲಿ ಕೊಡಬಾರದು, ಮೊದಲೇ ಎತ್ತಿಡಬೇಕು.

ಅವಳೇ ಇನ್ನೊಂದು ಮಾತು ಹೇಳಿದಳು, ಅದು ನನಗೆ ಇನ್ನೂ ಚುಚ್ಚುತ್ತದೆ. ಅವಳು ನಮ್ಮ ಮಾಡರೇಟರ್, ನಾವು ಮೂವರ ಆಚೆಗೆ ಮೊದಲು ಸೇರಿದವಳು. "ಬಿಟ್ಟಿ ಮಾಡಬೇಕು ಅಂದರೆ ಬಿಟ್ಟಿ ಮಾಡೋಕೆ ಆಗೋರೇ ಮಾಡ್ತಾರೆ." ಯಾರು ಅವರು? ಐಟಿ ಸಂಬಳ ಇರುವವರು, ಮನೆಯಲ್ಲಿ ಅಡುಗೆ ಇನ್ನೊಬ್ಬರು ಮಾಡುವವರು, ರಾತ್ರಿ ಎರಡಕ್ಕೆ ಎದ್ದರೂ ಬೆಳಿಗ್ಗೆ ಹತ್ತಕ್ಕೆ ಲಾಗಿನ್ ಆದರೆ ಸಾಕು ಅನ್ನುವವರು. ಅಂದರೆ ನಾನು. 'ಕೇರಿ' ಅನ್ನುವ ಪದ ರಿಪೋರ್ಟ್ ಆದಾಗ ನಾನು ಮೊದಲು ಅದನ್ನು ಏನೂ ಇಲ್ಲ ಅಂತ ಮುಚ್ಚಿದ್ದೆ. ತೆರೆಸಿದ್ದು ಅವಳು. ದುಡ್ಡು ಕೊಡದೆ ನಡೆಸುವ ಕಾವಲಿನಲ್ಲಿ ಯಾರ ಕಣ್ಣು ಇರುತ್ತದೆ, ಯಾರದು ಇರುವುದಿಲ್ಲ ಅನ್ನುವುದು ಹೀಗೆ ಗೊತ್ತಾಗುತ್ತದೆ.

ದುಡ್ಡು ಎಲ್ಲಿಂದ ತರುವುದು? ಮೊದಲು ವಿದೇಶಿ ನಿಧಿಯ ಕಡೆ ನೋಡಿದೆವು. ಟ್ರಸ್ಟ್ ಮಾಡಿ ಹೊರಗಿನ ದೇಣಿಗೆ ತರಬೇಕಾದರೆ ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಆ ಅವಧಿಯಲ್ಲಿ ಮುಖ್ಯ ಚಟುವಟಿಕೆಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ವರ್ಷದ ಖರ್ಚು 35 ಸಾವಿರ. ಈ ವೇಗದಲ್ಲಿ 15 ಲಕ್ಷ ಮುಟ್ಟಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕು ಅಂತ ಲೆಕ್ಕ ಹಾಕಿ ನಕ್ಕೆವು. ಮಾಸ್ಟೊಡಾನ್ ಸಂಸ್ಥೆ 2025ರಲ್ಲಿ ದುಡ್ಡು ಪಡೆದು ಸರ್ವರ್ ನಡೆಸಿಕೊಡುವ, ಮಾಡರೇಶನ್ ಕೂಡ ಮಾಡಿಕೊಡುವ ಸೇವೆ ಶುರು ಮಾಡಿದೆ. ಅದು ಸರ್ಕಾರಗಳಿಗೆ, ದೊಡ್ಡ ಸಂಸ್ಥೆಗಳಿಗೆ ಸರಿ. ಈ ಕೆಲಸಕ್ಕೆ ಒಂದು ದರ ಇದೆ ಅಂತ ಯಾರೋ ಬಾಯಿಬಿಟ್ಟು ಹೇಳಿದ್ದೇ ನನಗೆ ಸಮಾಧಾನ.

ಕೊನೆಗೆ ಸದಸ್ಯರನ್ನೇ ಕೇಳಿದೆವು. ಕೊಡಬಲ್ಲವರು ತಿಂಗಳಿಗೆ 150 ರೂಪಾಯಿ, ಆಗದವರು ಏನೂ ಬೇಡ. ಬಂದದ್ದರಲ್ಲಿ ಮೊದಲು ಕಾವಲಿನ ಪಾಲು ಎತ್ತಿಟ್ಟು, ಮಿಕ್ಕಿದ್ದರಲ್ಲಿ ಸರ್ವರ್ ಬಾಡಿಗೆ. ಕಡಿಮೆ ಬಿದ್ದರೆ ಚಿತ್ರಗಳನ್ನು ಬೇಗ ಅಳಿಸಿ ಜಾಗ ಉಳಿಸುವುದು, ಕಾವಲಿಗೆ ಕೈ ಹಾಕುವಂತಿಲ್ಲ. ಗಲಾಟೆಯಾಯಿತು. ಸೇವೆ ಅಂದಮೇಲೆ ದುಡ್ಡೇಕೆ ಅಂದರು ಒಬ್ಬರು. ದುಡ್ಡು ತಗೊಂಡ ಮೇಲೆ ನನ್ನ ದೂರಿಗೆ ಒಂದು ಗಂಟೆಯಲ್ಲಿ ಉತ್ತರ ಬೇಕು ಅಂದರು ಇನ್ನೊಬ್ಬರು. ಇವರಿಬ್ಬರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರಿಗೊಬ್ಬರು ಉತ್ತರವಾಗುತ್ತಿದ್ದರು. ಇಬ್ಬರು ಬಿಟ್ಟು ಹೋದರು. 41 ಜನ ಕೊಡಲು ಒಪ್ಪಿದರು. 6,150 ರೂಪಾಯಿ. 3,000 ಕಾವಲಿಗೆ, ಉಳಿದದ್ದು ಉಳಿದದ್ದಕ್ಕೆ. ಯಾರ ಹೊಟ್ಟೆಯೂ ಇದರಲ್ಲಿ ತುಂಬುವುದಿಲ್ಲ ಅಂತ ನನಗೂ ಗೊತ್ತಿದೆ.

ಮೊದಲ ತಿಂಗಳು ನಮ್ಮ ಆ ಮಾಡರೇಟರ್ ಗೆಳತಿಗೆ ಯುಪಿಐ ಮಾಡಿದೆ. ಅವಳು ವಾಪಸ್ ಕಳಿಸಿದಳು, ಒಂದು ನಗುವ ಮುಖದ ಜೊತೆ. ಮತ್ತೆ ಕಳಿಸಿದೆ, ಲೆಕ್ಕದ ಪುಟದಲ್ಲಿ ಬರೆದಾಗಿದೆ, ಈಗ ಅಳಿಸೋಕಾಗಲ್ಲ ಅಂತ. ಇಟ್ಟುಕೊಂಡಳು. ಎರಡನೇ ತಿಂಗಳು ಏನೂ ಹೇಳಲಿಲ್ಲ. ಮೂರನೇ ತಿಂಗಳು ಶುಕ್ರವಾರ ಸಂಜೆ ಮೆಸೇಜು ಬಂತು: "ಶನಿವಾರ ಭಾನುವಾರ ನಾನಿರಲ್ಲ, ಫೋನೂ ಆಫ್. ದೂರಿನ ಕ್ಯೂ ನಿಂದು." ಮೂರು ವರ್ಷದಲ್ಲಿ ಅವಳು ರಜೆ ಕೇಳಿದ್ದು ಅದೇ ಮೊದಲು. ಕೇಳಿದ್ದೂ ಅಲ್ಲ, ಹೇಳಿದ್ದು.

ಆ ಎರಡು ದಿನದಲ್ಲಿ ನಾಲ್ಕು ರಿಪೋರ್ಟ್ ಬಂದವು. ಮೂರು ಸ್ಪ್ಯಾಮು. ನಾಲ್ಕನೆಯದು ಭಾನುವಾರ ಮಧ್ಯಾಹ್ನ, ಒಂದು ಮಸುಕಾದ ಚಿತ್ರ, ಕೆಂಪು ಮತ್ತು ಬಿಳಿ. ಫೋನು ಹಿಡಿದು ಅಡುಗೆಮನೆಗೆ ಹೋದೆ.